ಎಷ್ಟು ಕೊಡಬೇಕು?

ಬಾಣಂತಿಯ ಕೋಣೆಯಿಂದ ಹೊರಗೆ ಬಂದು, ಕೈ ತೊಳೆದುಕೊಂಡು, ನಡುಮನೆಯಲ್ಲಿ ಕುಳಿತು ಅವರು ಕೊಟ್ಟ ಕಾಫಿ ಕುಡಿಯುವ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ. ಕೆಲವು ಮನೆಗಳಲ್ಲಿ ಹುಡುಗಿಯ ತಂದೆ ಅಂಗಿಯ ಜೇಬಿಗೆ ಕೈ ಹಾಕಿಕೊಂಡೇ ಕೇಳುತ್ತಾರೆ. ಇನ್ನು ಕೆಲವೆಡೆ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ದನಿ ತಗ್ಗಿಸಿ ಕೇಳುತ್ತಾರೆ: “ಎಷ್ಟು ಕೊಡಬೇಕು?”

ಈ ಕೆಲಸ ಶುರು ಮಾಡಿದ ಮೊದಲ ಒಂದೂವರೆ ವರ್ಷ ನನ್ನ ಉತ್ತರ ಒಂದೇ ಆಗಿತ್ತು. “ಅಯ್ಯೋ, ನಿಮಗೆ ತೋಚಿದಷ್ಟು ಕೊಡಿ.” ಹಾಗೆಂದು ತಲೆ ತಗ್ಗಿಸಿ ಬ್ಯಾಗಿನ ಜಿಪ್ ಎಳೆಯುತ್ತಿದ್ದೆ. ಕೊಟ್ಟದ್ದನ್ನು ಎಣಿಸದೆ ಒಳಗೆ ತುರುಕಿ, ಗೇಟು ದಾಟಿ, ರಸ್ತೆಯ ತಿರುವಿನಲ್ಲಿ ಸ್ಕೂಟರು ನಿಲ್ಲಿಸಿ ಎಣಿಸುತ್ತಿದ್ದೆ. ಕೆಲವೊಮ್ಮೆ ಐನೂರು, ಕೆಲವೊಮ್ಮೆ ನೂರು, ಒಮ್ಮೆ ಎರಡು ತೆಂಗಿನಕಾಯಿ ಮತ್ತು ರವಿಕೆ ಕಣ. ಕಡಿಮೆ ಇದ್ದರೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ಹೆಚ್ಚಿದ್ದರೆ ನನ್ನ ಮೇಲೆ ನನಗೇ ನಾಚಿಕೆಯಾಗುತ್ತಿತ್ತು. ಎರಡೂ ಆಗದ ದಿನ ನೆನಪಿಲ್ಲ. ಬಾಯಲ್ಲಿ ‘ತೋಚಿದಷ್ಟು’ ಎಂದವಳ ಮನಸ್ಸಿನಲ್ಲಿ ಒಂದು ಮೊತ್ತ ಇದ್ದೇ ಇತ್ತಲ್ಲ! ಅದನ್ನು ಹೇಳುವ ಧೈರ್ಯವಿಲ್ಲದೆ, ಅದನ್ನು ಊಹಿಸುವ ಕಷ್ಟವನ್ನು ಆ ಮನೆಯವರ ತಲೆಗೆ ಕಟ್ಟಿ ಬರುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ನನ್ನ ಕೆಲಸ ಏನೆಂದು ಮೊದಲೇ ಹೇಳಬೇಕಿತ್ತು. ಮಗುವಿಗೆ ಹಾಲೂಡಿಸಲು ಕಷ್ಟಪಡುತ್ತಿರುವ ಬಾಣಂತಿಯರ ಮನೆಗೆ ಹೋಗಿ ನೆರವಾಗುವುದು. ಇದಕ್ಕೆ ‘ಲ್ಯಾಕ್ಟೇಶನ್ ಕನ್ಸಲ್ಟೆಂಟ್’ ಎಂಬ ದೊಡ್ಡ ಹೆಸರಿದೆ. ನಮ್ಮ ಶಿವಮೊಗ್ಗದಲ್ಲಿ ಆ ಹೆಸರು ಹೇಳಿದರೆ ಯಾರಿಗೂ ನಾಲಿಗೆ ತಿರುಗುವುದಿಲ್ಲ. “ಹಾಲು ಕುಡಿಸೋದು ಹೇಳಿಕೊಡೋ ಸಿಸ್ಟರ್” ಎನ್ನುತ್ತಾರೆ. ನನಗೂ ಅದೇ ಹಿತ. ಹದಿನಾಲ್ಕು ವರ್ಷ ಖಾಸಗಿ ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ದುಡಿದು, ಆಮೇಲೆ ಓದಿ ಪರೀಕ್ಷೆ ಬರೆದು, ಕೆಲಸ ಬಿಟ್ಟು ಈ ದಾರಿ ಹಿಡಿದವಳು ನಾನು.

“ಹಾಲು ಕುಡಿಸುವುದನ್ನೂ ದುಡ್ಡು ಕೊಟ್ಟು ಕಲಿಯಬೇಕೆ? ನಾವೇನು ಕಲಿತಿದ್ದೆವೆ?” ಎಂದು ಹಿರಿಯರು ಕೇಳುತ್ತಾರೆ. ನನ್ನ ಅತ್ತೆಯೇ ಕೇಳಿದ್ದಾರೆ. ಅವರ ಪ್ರಶ್ನೆಯಲ್ಲಿ ಕುಹಕವಿಲ್ಲ, ಆಶ್ಚರ್ಯವಿದೆ. ಅವರು ಕಲಿತಿದ್ದರು, ಕಲಿತದ್ದು ಗೊತ್ತಾಗದ ಹಾಗೆ ಕಲಿತಿದ್ದರು. ಮನೆಯಲ್ಲಿ ಒಬ್ಬಳಲ್ಲ ಒಬ್ಬಳು ಬಾಣಂತಿ ಇದ್ದೇ ಇರುತ್ತಿದ್ದ ಕಾಲ ಅದು. ದೊಡ್ಡಮ್ಮ ಮಗುವನ್ನು ಹೇಗೆ ಮಡಿಲಿಗೆ ತಿರುಗಿಸಿಕೊಳ್ಳುತ್ತಾಳೆ, ಎದೆ ಗಟ್ಟಿಯಾದಾಗ ಅಜ್ಜಿ ಬಿಸಿನೀರಿನ ಬಟ್ಟೆ ಹೇಗೆ ಇಡುತ್ತಾಳೆ ಎಂಬುದನ್ನು ಎಂಟು ವರ್ಷದ ಹುಡುಗಿ ಕುಂಟೆಬಿಲ್ಲೆ ಆಡುತ್ತಲೇ ನೋಡಿಕೊಂಡಿರುತ್ತಿದ್ದಳು. ಇವತ್ತಿನ ಹುಡುಗಿ ಮೊದಲ ಬಾರಿಗೆ ಹತ್ತಿರದಿಂದ ನೋಡುವ ಎಳೆಗೂಸು ಅವಳದೇ ಮಗು.

ಹೆರಿಗೆ ಆಸ್ಪತ್ರೆಗೆ ಹೋಯಿತು; ಅದು ಒಳ್ಳೆಯದೇ ಆಯಿತು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 88.6 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕಂಡ ಮಕ್ಕಳು ನೂರಕ್ಕೆ 41.8 ಮಾತ್ರ. ಸುತ್ತ ಡಾಕ್ಟರು, ನರ್ಸು, ಯಂತ್ರ ಎಲ್ಲ ಇದ್ದೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಮೊದಲ ಗಂಟೆ ತಪ್ಪಿಹೋಗುತ್ತದೆ. ವಾರ್ಡಿನಲ್ಲಿ ಹದಿನೈದು ಬಾಣಂತಿಯರಿಗೆ ಇಬ್ಬರು ನರ್ಸುಗಳಿದ್ದರೆ ಯಾರ ಪಕ್ಕದಲ್ಲಿ ಅರ್ಧ ಗಂಟೆ ಕೂರುವುದು? ನಾನೂ ಕೂತಿರಲಿಲ್ಲ. “ಕುಡಿಸಮ್ಮಾ, ಬರುತ್ತೆ” ಎಂದು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಮೂರನೆಯ ದಿನವೋ ಐದನೆಯ ದಿನವೋ ಅವಳು ಮನೆಗೆ ಹೋಗುತ್ತಿದ್ದಳು. ಮೊಲೆತೊಟ್ಟು ಬಿರಿದು ರಕ್ತ ಬರುವುದು, ಹಾಲು ಕಟ್ಟಿಕೊಂಡು ಜ್ವರ ಬರುವುದು, “ನನಗೆ ಹಾಲೇ ಇಲ್ಲ” ಎಂದು ಅವಳು ರಾತ್ರಿ ಎರಡು ಗಂಟೆಗೆ ಅಳುವುದು, ಎಲ್ಲವೂ ಆಮೇಲೆ ಶುರುವಾಗುತ್ತಿತ್ತು. ಆ ರಾತ್ರಿಗಳಿಗೆ ಯಾರಾದರೂ ಬೇಕು ಎನ್ನಿಸಿಯೇ ನಾನು ಕೆಲಸ ಬಿಟ್ಟದ್ದು.

ಅಂಥ ರಾತ್ರಿಗೆ ಬೆಲೆ ಕಟ್ಟುವುದು ಹೇಗೆ? ನನ್ನನ್ನು ಕಾಡಿದ ಪ್ರಶ್ನೆ ಇದು. ಬಟ್ಟೆ ಹೊಲಿಯುವವಳು ರವಿಕೆಗೆ ಇಷ್ಟು ಎಂದು ಹೇಳುತ್ತಾಳೆ, ಯಾರಿಗೂ ಬೇಸರವಿಲ್ಲ. ಅಳುತ್ತಿರುವ ಹುಡುಗಿಯ ಬೆನ್ನು ಸವರಿ, ಮಗುವನ್ನು ಎದೆಗೆ ಹಿಡಿಸಿ, ಅದು ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿ ಅವಳ ಮುಖ ಅರಳಿದ್ದನ್ನು ನೋಡಿ, ಆ ಕ್ಷಣದಲ್ಲೇ “ಇಷ್ಟು ಕೊಡಿ” ಎನ್ನುವುದು ಹೇಗೆ? ಬಾಯಿಗೆ ಬಂದ ಮಾತು ಅಲ್ಲೇ ನಿಲ್ಲುತ್ತಿತ್ತು. ದುಡ್ಡಿನ ಮಾತು ಬಂದರೆ ಮಾಡಿದ್ದೆಲ್ಲ ಮೈಲಿಗೆಯಾದೀತು ಎಂಬ ಭಾವನೆ.

ಆದರೆ ನಮ್ಮ ಹಿಂದಿನವರು ಇದನ್ನು ಪುಕ್ಕಟೆಯಾಗಿ ಇಟ್ಟುಕೊಂಡಿದ್ದರೆ? ಇಲ್ಲವಲ್ಲ. ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಮೊರದ ತುಂಬ ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ, ಮೇಲೊಂದಿಷ್ಟು ಕಾಸು, ಅನುಕೂಲಸ್ಥರಾದರೆ ಸೀರೆ ಕೊಡುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಮಗುವಿಗೂ ಬಾಣಂತಿಗೂ ಎಣ್ಣೆ ಹಚ್ಚಿ ನೀರು ಹಾಕುವಾಕೆಗೆ ಇಂದಿಗೂ ಲೆಕ್ಕವಿದೆ. ಪುರೋಹಿತರಿಗೆ ನಾಮಕರಣದ ದಕ್ಷಿಣೆ ಎಷ್ಟೆಂದು ಹೇಳಿಸಿಕೊಳ್ಳದೆ ಮಂತ್ರ ಶುರುವಾಗುವುದಿಲ್ಲ. ಮಂತ್ರ ಮೈಲಿಗೆಯಾಗಲಿಲ್ಲ, ನನ್ನ ಕೆಲಸ ಮಾತ್ರ ಯಾಕೆ ಆಗಬೇಕು?

“ಸೂಲಗಿತ್ತಿ ನರಸಮ್ಮನವರು ದುಡ್ಡು ತೆಗೆದುಕೊಳ್ಳಲಿಲ್ಲವಲ್ಲ” ಎಂದು ಒಮ್ಮೆ ನನ್ನ ಗೆಳತಿಯೊಬ್ಬಳು ಹೇಳಿದಳು. ನಿಜ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಆ ಹಿರಿಯರು ಸುಮಾರು ಎಪ್ಪತ್ತು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರು ಕೇಳಿದರೆ ನನ್ನ ಕೈ ತಾನಾಗಿ ಮುಗಿಯುತ್ತದೆ. ಆ ಗೆಳತಿಯ ಮಾತು ಬಹಳ ದಿನ ನನ್ನನ್ನು ಚುಚ್ಚಿತು ಕೂಡ. ಆಮೇಲೆ ಯೋಚಿಸಿದೆ. ನರಸಮ್ಮನವರು ಕೊಟ್ಟದ್ದು ಅವರ ದಾನ. ದಾನ ಕೊಡುವವರ ಇಚ್ಛೆ. ಒಬ್ಬರು ದಾನ ಮಾಡಿದರೆಂದು ಆ ಕೆಲಸ ಮಾಡುವ ಎಲ್ಲ ಹೆಂಗಸರಿಂದಲೂ ಅದನ್ನು ಎದುರುನೋಡಿದರೆ ಅದು ದಾನವಾಗಿ ಉಳಿಯುವುದಿಲ್ಲ, ಬಿಟ್ಟಿ ದುಡಿಮೆಯಾಗುತ್ತದೆ. ಧರ್ಮಾಸ್ಪತ್ರೆ ನಡೆಸಿದ ಡಾಕ್ಟರೊಬ್ಬರನ್ನು ತೋರಿಸಿ, ಉಳಿದ ಡಾಕ್ಟರುಗಳಿಗೆ ಯಾರೂ ಫೀಸು ಬೇಡ ಎನ್ನುವುದಿಲ್ಲ.

ಇಷ್ಟೆಲ್ಲ ಯೋಚಿಸಿ, ಶುಲ್ಕ ತೆಗೆದುಕೊಳ್ಳುವುದು ತಪ್ಪಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ಎಷ್ಟು? ಯಾರಿಂದ? ಇದಕ್ಕೆ ನಾನು ಕಂಡುಕೊಂಡ ಉಪಾಯ ನನಗೆ ಆಗ ಬಹಳ ನ್ಯಾಯವೆನಿಸಿತ್ತು: ಮನೆ ನೋಡಿ ಕೇಳುವುದು. ಇದ್ದವರ ಹತ್ತಿರ ಹೆಚ್ಚು, ಇಲ್ಲದವರ ಹತ್ತಿರ ಕಡಿಮೆ, ಏನೂ ಇಲ್ಲದವರಿಗೆ ಪುಕ್ಕಟೆ. ಗೇಟಿನಲ್ಲಿ ಕಾರಿದೆಯೇ, ನೆಲಕ್ಕೆ ಗ್ರಾನೈಟ್ ಹಾಕಿಸಿದ್ದಾರೆಯೇ, ಕಾಫಿ ಬಂದದ್ದು ಸ್ಟೀಲಿನ ಲೋಟದಲ್ಲೋ ಪಿಂಗಾಣಿ ಕಪ್ಪಿನಲ್ಲೋ ಎಂದು ನೋಡಿ ಮನಸ್ಸಿನಲ್ಲೇ ಗುಣಾಕಾರ ಮಾಡುತ್ತಿದ್ದೆ. ಬಾಣಂತಿಯ ಕೋಣೆಗೆ ಹೋಗುವ ಮೊದಲೇ ಲೆಕ್ಕ ಮುಗಿದಿರುತ್ತಿತ್ತು.

ತುಂಗಾನಗರದ ಒಂದು ಮನೆ. ಒಂದೇ ಕೋಣೆ, ಶೀಟಿನ ಮಾಡು. ಹುಡುಗಿಯ ಗಂಡ ಆಟೋ ಓಡಿಸುತ್ತಿದ್ದ. ಮಗುವಿಗೆ ಒಂಬತ್ತು ದಿನ. ಬಾಯಿ ಸರಿಯಾಗಿ ಅಗಲಿಸದೆ ತೊಟ್ಟಿನ ತುದಿಯನ್ನಷ್ಟೇ ಕಚ್ಚಿ ಎಳೆಯುತ್ತಿತ್ತು. ಎರಡು ಗಂಟೆ ಕೂತು ಸರಿಮಾಡಿದೆ. ಹೊರಡುವಾಗ ಹುಡುಗಿಯ ಅಮ್ಮ ಗೋಡೆಗೂಡಿನ ಡಬ್ಬಿಯಿಂದ ಮುನ್ನೂರು ರೂಪಾಯಿ ತೆಗೆದು ನನ್ನ ಕೈಗಿಟ್ಟರು. ನಾನು ಆ ಕೈಯನ್ನೇ ಮಡಚಿ ಹಿಂದಕ್ಕೆ ಸರಿಸಿದೆ. “ಇಟ್ಟುಕೊಳ್ಳಿ ಅಮ್ಮಾ, ಮಗುವಿಗೆ ಏನಾದರೂ ತನ್ನಿ” ಎಂದೆ. “ತೊಂದರೆಯಾದರೆ ಫೋನು ಮಾಡು ಮಗಳೇ” ಎಂದು ಹುಡುಗಿಗೂ ಹೇಳಿದೆ. ಮನೆಗೆ ಬರುವಾಗ ತುಂಗೆಯ ಸೇತುವೆಯ ಮೇಲೆ ತಂಪು ಗಾಳಿ ಬೀಸುತ್ತಿತ್ತು. ನನ್ನ ಬಗ್ಗೆ ನನಗೇ ಬಹಳ ಸಂತೋಷವಾಗಿತ್ತು ಆ ದಿನ.

ಫೋನು ಬರಲಿಲ್ಲ. ಸರಿಹೋಗಿರಬೇಕು ಎಂದುಕೊಂಡೆ. ಎಂಟು ತಿಂಗಳಾದ ಮೇಲೆ ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಯೊಂದರ ಮುಂದೆ ಅವಳೇ ಸಿಕ್ಕಿದಳು. ಕಂಕುಳಲ್ಲಿ ಮಗು, ಕೈಯಲ್ಲಿ ಬಾಟಲಿ. ನಾನು ಬಂದು ಹೋದ ಮರುವಾರವೇ ಒಂದು ಬದಿ ಎದೆ ಕಲ್ಲಿನಂತಾಗಿ ಜ್ವರ ಬಂದಿತಂತೆ. ಪಕ್ಕದ ಮನೆಯವರು ಹೇಳಿದರೆಂದು ಡಬ್ಬಿ ಹಾಲು ತಂದರಂತೆ. ತಿಂಗಳೊಪ್ಪತ್ತಿನಲ್ಲಿ ಅವಳ ಹಾಲು ನಿಂತೇಹೋಯಿತು. “ನನಗೊಂದು ಫೋನು ಮಾಡಬಾರದಿತ್ತೇ?” ಎಂದೆ. ಅವಳು ಮಗುವಿನ ಟೋಪಿ ಸರಿಮಾಡುತ್ತ ಹೇಳಿದಳು: “ದುಡ್ಡು ಬೇಡ ಅಂದು ಹೋದವರನ್ನು ಎಷ್ಟು ಸಲ ಅಂತ ಕರೆಯೋದು ಅಕ್ಕಾ? ಅಮ್ಮ ಕೊಟ್ಟಿದ್ದನ್ನ ನೀವು ತಗೊಂಡಿದ್ರೆ ಕರೀತಿದ್ದೆ.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕೇ ಅದು ಇಂದಿಗೂ ಮರೆತಿಲ್ಲ. ಆರು ತಿಂಗಳು ಬರೀ ತಾಯಿಯ ಹಾಲು, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ನಾನು ದಿನಕ್ಕೆರಡು ಸಲ ಹೇಳುವವಳು. ಅದೇ ಹಾಲು ಆ ಮಗುವಿಗೆ ಎರಡು ತಿಂಗಳೂ ಸಿಗದೇ ಹೋದದ್ದರಲ್ಲಿ ನನ್ನ ಔದಾರ್ಯದ ಪಾಲಿತ್ತು. ಪೂರ್ತಿ ಡಬ್ಬಿ ಹಾಲಿನ ಮೇಲಿರುವ ಮಗುವಿಗೆ 400 ಗ್ರಾಂ ಡಬ್ಬಿ ನಾಲ್ಕೈದು ದಿನ ಬಂದರೆ ಹೆಚ್ಚು. ನಾನು ಬೇಡವೆಂದ ಮುನ್ನೂರರ ಎಷ್ಟು ಪಟ್ಟು ಆ ಆಟೋದ ಗಳಿಕೆಯಿಂದ ಅಂಗಡಿಗೆ ಹೋಯಿತೋ! ಅವರು ಮುನ್ನೂರು ಕೊಟ್ಟಿದ್ದರೆ ನನ್ನನ್ನು ಮತ್ತೆ ಕರೆಯುವ ಹಕ್ಕು ಅವರದಾಗುತ್ತಿತ್ತು. ಆ ಹಕ್ಕನ್ನು ನಾನು ಅವರ ಕೈಯಲ್ಲೇ ಮಡಚಿ ಇಟ್ಟು, ಪುಣ್ಯ ಮಾತ್ರ ತೆಗೆದುಕೊಂಡು ಬಂದಿದ್ದೆ.

ಇನ್ನೊಂದು ಮನೆ ವಿನೋಬನಗರದ್ದು. ಎರಡು ಅಂತಸ್ತು, ಗೇಟಿನೊಳಗೆ ಕಾರು, ತೇಗದ ಬಾಗಿಲು. ನನ್ನ ಗುಣಾಕಾರ ಎರಡೂವರೆ ಸಾವಿರ ಎಂದಿತು, ಕೇಳಿದೆ. ಹುಡುಗಿಯ ತಂದೆ ಒಂದು ಕ್ಷಣ ಸುಮ್ಮನಿದ್ದು, ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ತಂದುಕೊಟ್ಟರು. ಕೆಲವು ದಿನಗಳ ನಂತರ ಆ ಮನೆಯಲ್ಲಿ ಮಗುವಿಗೆ ನೀರು ಹಾಕುವ ಹೆಂಗಸು ಬೇರೊಂದು ಮನೆಯಲ್ಲಿ ಸಿಕ್ಕಿದಳು. “ಅಲ್ಲಿ ನನಗೂ ಬಾಕಿ ಇದೆ ಸಿಸ್ಟರ್. ಮನೆ ಮೇಲೆ ಸಾಲ, ಕಾರು ಅಳಿಯಂದು. ಸಿಸೇರಿಯನ್ ಬಿಲ್ಲಿಗೇ ಅವರು ಪಾಪ ಬಳೆ ಇಟ್ಟಿದ್ದಾರೆ” ಎಂದಳು.

ನನಗೆ ಆಗ ಹೊಳೆದದ್ದು ಇನ್ನೊಂದು ಸಂಗತಿ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ಆಸ್ಪತ್ರೆಯ ಬಿಲ್ಲು, ಬಾಣಂತನದ ಖರ್ಚು, ತೊಟ್ಟಿಲ ಶಾಸ್ತ್ರದ ಖರ್ಚು ಎಲ್ಲ ಹುಡುಗಿಯ ತಂದೆತಾಯಿಯ ಮೇಲೆ. ನಾನು ಕೇಳುವ ಶುಲ್ಕವೂ ಅದೇ ಜೇಬಿನಿಂದ ಬರುತ್ತದೆ. ಮಗು ಎರಡು ಮನೆಯದು, ಆದರೆ ಅದರ ಹಾಲಿನ ಖರ್ಚು ಒಂದೇ ಮನೆಯದು. ಮನೆಯ ಎತ್ತರ ನೋಡಿ ಆ ಜೇಬಿನ ಆಳ ತಿಳಿಯುವುದು ಹೇಗೆ?

ಆ ನೀರು ಹಾಕುವಾಕೆಯನ್ನೇ ಕೇಳಿದೆ, “ನೀನು ಹೇಗೆ ಕೇಳ್ತೀಯಮ್ಮಾ?” ಅವಳು ನಕ್ಕಳು. “ನಾನು ಮೊದಲ ದಿನ ಹೊಸ್ತಿಲು ದಾಟೋ ಮುಂಚೆಯೇ ಹೇಳಿಬಿಡ್ತೀನಿ ಸಿಸ್ಟರ್. ನಲವತ್ತು ದಿನಕ್ಕೆ ಇಷ್ಟು, ನಾಮಕರಣಕ್ಕೆ ಒಂದು ಸೀರೆ. ಆಗಲ್ಲ ಅಂದರೆ ಅವರೇ ಹೇಳ್ತಾರೆ, ನಾನು ಸ್ವಲ್ಪ ಇಳಿಸ್ತೀನಿ. ಮಗು ಕೈಗೆ ತಗೊಂಡ ಮೇಲೆ ದುಡ್ಡಿನ ಮಾತು ಆಡಬಾರದು. ಅವರಿಗೂ ಇಲ್ಲ ಅನ್ನೋಕೆ ಆಗಲ್ಲ, ನಮಗೂ ಆಗಲ್ಲ.” ಹದಿನಾಲ್ಕು ವರ್ಷದ ನರ್ಸಿಂಗಿನಲ್ಲಿ ನಾನು ಕಲಿಯದ ಪಾಠ ಅದು.

ಅವಳ ಮಾತು ಕೇಳಿದಾಗ ನನಗೆ ನಾನು ಬರೆದ ಪರೀಕ್ಷೆ ನೆನಪಾಯಿತು. ಐಬಿಎಲ್‌ಸಿಇ ಎಂಬ ಅಂತರರಾಷ್ಟ್ರೀಯ ಮಂಡಳಿ 1985ರಿಂದ ಈ ಪರೀಕ್ಷೆ ನಡೆಸುತ್ತಿದೆ. ಅದರ ಶುಲ್ಕ ಎಲ್ಲ ದೇಶದವರಿಗೂ ಒಂದೇ ಅಲ್ಲ. ದೇಶಗಳನ್ನು ಅವುಗಳ ಆರ್ಥಿಕ ಸ್ಥಿತಿಗೆ ತಕ್ಕಂತೆ ಮೂರು ಅಂತಸ್ತುಗಳಾಗಿ ಮಾಡಿದ್ದಾರೆ. ಅಮೆರಿಕದವಳು ಕಟ್ಟುವುದಕ್ಕಿಂತ ಕಡಿಮೆ ಹಣ ಕಟ್ಟಿ ನಾನು ಅದೇ ಪರೀಕ್ಷೆ ಬರೆದೆ, ಅದೇ ಪ್ರಮಾಣಪತ್ರ ಪಡೆದೆ. ಕಡಿಮೆ ಕಟ್ಟಿದೆನೆಂದು ನನಗೆ ಒಂದು ದಿನವೂ ಸಣ್ಣತನ ಅನ್ನಿಸಲಿಲ್ಲ. ಯಾಕೆ? ಅದನ್ನು ಮೊದಲೇ ಅಚ್ಚು ಹಾಕಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ನನ್ನ ಮನೆಯ ನೆಲ ಯಾರೂ ನೋಡಲಿಲ್ಲ, ನನ್ನ ಮುಖ ನೋಡಿ “ಪಾಪ” ಎನ್ನಲಿಲ್ಲ. ರಿಯಾಯಿತಿ ಪಡೆಯುವುದರಲ್ಲಿ ಅವಮಾನವಿಲ್ಲ. ಎದುರಿಗಿರುವವರು ನಮ್ಮನ್ನು ಅಳೆದು, ತಾವೇ ನಿರ್ಧರಿಸಿ, ಕೃಪೆಯೆಂಬಂತೆ ಕೊಟ್ಟಾಗ ಅವಮಾನ ಹುಟ್ಟುತ್ತದೆ.

ಒಂದು ಭಾನುವಾರ ಮಗಳ ಹಳೆಯ ನೋಟುಬುಕ್ಕು ತೆಗೆದು ಲೆಕ್ಕಕ್ಕೆ ಕುಳಿತೆ. ನರ್ಸಿಂಗ್ ಹೋಮಿನಲ್ಲಿ ನನ್ನ ಕೊನೆಯ ಸಂಬಳ ತಿಂಗಳಿಗೆ 18,000. ಪೆಟ್ರೋಲು, ಫೋನು, ಮಗುವನ್ನು ತೂಗುವ ತಕ್ಕಡಿ, ಐದು ವರ್ಷಕ್ಕೊಮ್ಮೆ ಪ್ರಮಾಣಪತ್ರ ನವೀಕರಿಸಲು ಎತ್ತಿಡುವುದು, ಎಲ್ಲ ಸೇರಿ ತಿಂಗಳಿಗೆ 3,500 ಖರ್ಚು. ತಿಂಗಳಿಗೆ ಸರಾಸರಿ ಹದಿನಾಲ್ಕು ಬಾಣಂತಿಯರು. 21,500ನ್ನು ಹದಿನಾಲ್ಕರಿಂದ ಭಾಗಿಸಿದರೆ 1,535. ಕೆಲವರಿಗೆ ಅಷ್ಟು ಆಗುವುದಿಲ್ಲವಾದ್ದರಿಂದ ಆಗುವವರಿಗೆ ಸ್ವಲ್ಪ ಹೆಚ್ಚಿರಬೇಕು. ಹೀಗೆ ಪೂರ್ತಿ ಶುಲ್ಕ 1,800 ಎಂದಾಯಿತು. ಎರಡನೆಯದು ಅದರ ಅರ್ಧ, 900. ಮೂರನೆಯದು 200. ಪುಕ್ಕಟೆ ಎಂಬ ಸಾಲು ಬರೆಯಲಿಲ್ಲ. ತುಂಗಾನಗರದ ಹುಡುಗಿ ನೆನಪಿದ್ದಳು. ಅದರ ಬದಲು ಕೊನೆಗೆ “ಅನುಕೂಲವಾದಾಗ ಕೊಡಬಹುದು” ಎಂದು ಸೇರಿಸಿದೆ. ಮೂರಕ್ಕೂ ಸಿಗುವುದು ಒಂದೇ: ಮನೆಗೆ ಎರಡು ಭೇಟಿ, ಒಂದು ತಿಂಗಳು ಯಾವ ಹೊತ್ತಿನಲ್ಲಾದರೂ ಫೋನು. ಯಾವ ಶುಲ್ಕ ಎಂದು ನೀವೇ ಹೇಳಿ, ಕಾರಣ ಹೇಳಬೇಕಾಗಿಲ್ಲ. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಟೈಪು ಮಾಡಿಸಿ, ಕರೆದವರಿಗೆ ಹೋಗುವ ಮೊದಲೇ ವಾಟ್ಸಾಪಿನಲ್ಲಿ ಕಳಿಸಲು ಶುರುಮಾಡಿದೆ.

ಭೇಟಿಗೆ ಇಷ್ಟು ಎಂದು ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದನ್ನೂ ಯೋಚಿಸಿದ್ದೆ. ಭೇಟಿಯ ಲೆಕ್ಕವಾದರೆ ಬಾಣಂತಿ ಗಡಿಯಾರ ನೋಡುತ್ತಾಳೆ. ಇನ್ನೊಮ್ಮೆ ಕರೆಯಲು ಹಿಂಜರಿಯುತ್ತಾಳೆ. ನನ್ನ ಕಡೆಯಿಂದ ನೋಡಿದರೆ ಇನ್ನೂ ಕಷ್ಟ. ಅವಳ ತೊಂದರೆ ಬೇಗ ಮುಗಿದರೆ ನನಗೆ ನಷ್ಟ, ಮುಗಿಯದಿದ್ದರೆ ಲಾಭ. ಅಂಥ ಲೆಕ್ಕದೊಳಗೆ ಯಾರೂ ಬಹಳ ಕಾಲ ಒಳ್ಳೆಯವರಾಗಿ ಉಳಿಯಲಾರರು. ನಾನಂತೂ ನನ್ನನ್ನು ಅಷ್ಟು ನಂಬುವುದಿಲ್ಲ.

ಹಾಲು ಬರದಿದ್ದರೆ ಹಣ ವಾಪಸ್ಸೇ ಎಂದು ಒಬ್ಬರು ಯಜಮಾನರು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ನಾನು ಇಲ್ಲ ಎಂದೆ. ಗೆದ್ದರೆ ಮಾತ್ರ ದುಡ್ಡು ಎಂದು ಒಪ್ಪಿಕೊಂಡರೆ ಏನಾಗುತ್ತದೆ ನೋಡಿ. ಕೆಲವು ತಾಯಂದಿರಿಗೆ ಎಷ್ಟು ಮಾಡಿದರೂ ಹಾಲು ಸಾಲುವುದಿಲ್ಲ. ಮಗು ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡಿತು, ತೂಕ ಎಷ್ಟು ಏರಿತು ಎಂಬುದು ಸುಳ್ಳು ಹೇಳುವುದಿಲ್ಲ. ಅಂಥಲ್ಲಿ ಮಕ್ಕಳ ಡಾಕ್ಟರ ಹತ್ತಿರ ಕಳಿಸಿ, ಅವರು ಹೇಳಿದಷ್ಟು ಮೇಲುಹಾಲು ಕೊಡಿ ಎಂದು ನಾನೇ ಹೇಳಬೇಕು. ನನ್ನ ಶುಲ್ಕ ಹಾಲಿಗೆ ಕಟ್ಟಿದ್ದರೆ, “ಇನ್ನೆರಡು ದಿನ ನೋಡೋಣ” ಎಂದು ನನ್ನ ನಾಲಿಗೆ ಎಳೆಯುತ್ತಿತ್ತು. ಆ ಎರಡು ದಿನ ಹಸಿದಿರುವುದು ಮಗು. ಆದ್ದರಿಂದ ನಾನು ತೆಗೆದುಕೊಳ್ಳುವುದು ನನ್ನ ಹೊತ್ತಿಗೆ ಮತ್ತು ತಿಳಿವಳಿಕೆಗೆ ಎಂದು ಮೊದಲೇ ಹೇಳುತ್ತೇನೆ.

ಒಮ್ಮೆ ಔಷಧಿ ಅಂಗಡಿಯವರೊಬ್ಬರು ನನ್ನ ಕಷ್ಟಕ್ಕೆ ಸುಲಭದ ದಾರಿ ತೋರಿಸಿದರು. “ಮೇಡಂ, ನೀವು ಬಾಣಂತಿಯರ ಹತ್ತಿರ ದುಡ್ಡೇ ಕೇಳಬೇಡಿ. ಬಾಟಲಿಯೋ ಡಬ್ಬಿಯೋ ಬೇಕಾದವರನ್ನು ನಮ್ಮಲ್ಲಿಗೆ ಕಳಿಸಿ, ನಿಮ್ಮ ಪಾಲು ನಿಮಗೆ.” ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದಂತಿತ್ತು. ಡಬ್ಬಿ ಹಾಲು ಮತ್ತು ಬಾಟಲಿಗಳ ಜಾಹೀರಾತು, ಉಚಿತ ಮಾದರಿ, ಆರೋಗ್ಯ ಕಾರ್ಯಕರ್ತರಿಗೆ ಕಂಪನಿಗಳ ಉಡುಗೊರೆ ಇವನ್ನೆಲ್ಲ ತಡೆಯಲೆಂದೇ ನಮ್ಮ ದೇಶದಲ್ಲಿ 1992ರಲ್ಲಿ ಕಾಯ್ದೆ ಬಂದಿದೆ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಕಾಯ್ದೆಯ ಮಾತು ಹಾಗಿರಲಿ. ಬಾಣಂತಿ ನನಗೆ ಕೊಡದಿದ್ದರೆ ನನ್ನ ಅನ್ನ ಬೇರೆ ಯಾರೋ ಕೊಡಬೇಕಲ್ಲ? ಹಾಗೆ ಕೊಡುವವರಿಗೆ ಅವಳು ಸೋಲುವುದೇ ಲಾಭ. ಪುಕ್ಕಟೆ ಎಂಬ ಮಾತು ಕೇಳಿದಾಗಲೆಲ್ಲ ಯಾರ ಜೇಬಿನಿಂದ ಎಂದು ಈಗ ನನಗೆ ತಾನಾಗಿ ಪ್ರಶ್ನೆ ಏಳುತ್ತದೆ.

ನನ್ನ ಹಾಳೆ ನೋಡಿ ಗೆಳತಿ ನಕ್ಕಿದ್ದಳು. “ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನೋ ಜನ ಕಣೇ ನಾವು. ಎಲ್ಲರೂ ಇನ್ನೂರು ಅಂತಾರೆ ನೋಡು” ಎಂದಳು. ಹಾಗಾಗಲಿಲ್ಲ. ಈಗಿನ ಸಾಮಾನ್ಯ ತಿಂಗಳಿನಲ್ಲಿ ಎಂಟು ಮಂದಿ ಪೂರ್ತಿ ಕೊಡುತ್ತಾರೆ, ನಾಲ್ವರು ಅರ್ಧ, ಇಬ್ಬರು ಇನ್ನೂರು. ಒಟ್ಟು 18,400. ಖರ್ಚು ಕಳೆದರೆ 14,900. ಬಿಟ್ಟ ಸಂಬಳಕ್ಕಿಂತ 3,100 ಕಡಿಮೆ. ಆ ಮೂರು ಸಾವಿರ ಚಿಲ್ಲರೆ ನನ್ನ ಕೈಯಿಂದ ಹೋಗುವ ದಾನ. ಮೊದಲೂ ಹೋಗುತ್ತಿತ್ತು, ಎಷ್ಟು, ಯಾರಿಗೆ ಎಂದು ಗೊತ್ತಿಲ್ಲದೆ, ಗೊಣಗಿಕೊಂಡು. ಈಗ ಗೊತ್ತಿದ್ದು ಕೊಡುತ್ತೇನೆ, ಗೊಣಗುವುದಿಲ್ಲ. ನನ್ನ ಯಜಮಾನರ ಸಂಬಳ ಇರುವುದರಿಂದ ಇದು ನನಗೆ ಸಾಧ್ಯವಾಗಿದೆ. ಒಬ್ಬಂಟಿಯಾಗಿ ಮಕ್ಕಳನ್ನು ಸಾಕುವ ನನ್ನ ಸಹೋದ್ಯೋಗಿಯೊಬ್ಬಳಿಗೆ ನನ್ನ ಲೆಕ್ಕ ಹೊಂದುವುದಿಲ್ಲ, ಅವಳ ಶುಲ್ಕ ಹೆಚ್ಚಿರಬೇಕು. ಅವಳದು ಹೆಚ್ಚಿದೆಯೆಂದು ನನ್ನದು ಹೆಚ್ಚು ಪುಣ್ಯದ್ದಾಗುವುದಿಲ್ಲ.

ಮೋಸ ಮಾಡಿದವರಿಲ್ಲವೆಂದಲ್ಲ. ಇನ್ನೂರು ಕೊಟ್ಟವರೊಬ್ಬರ ಮನೆಯ ನಾಮಕರಣ ದೊಡ್ಡ ಕಲ್ಯಾಣ ಮಂಟಪದಲ್ಲಿ ನಡೆಯಿತು. ಕರೆಯೋಲೆ ನನಗೂ ಬಂದಿತ್ತು! ಹೋಗಿ ಹೋಳಿಗೆ ಊಟ ಮಾಡಿ ಬಂದೆ. ಅವರೊಬ್ಬರಿಗಾಗಿ ಉಳಿದ ಹದಿಮೂರು ಮಂದಿಯ ರೇಷನ್ ಕಾರ್ಡು ಕೇಳುವುದು ನನ್ನಿಂದಾಗದು. ಅಷ್ಟಕ್ಕೂ, ಆ ಮಂಟಪದ ಖರ್ಚು ಯಾರ ಸಾಲವೋ ನನಗೇನು ಗೊತ್ತು? ಮನೆ ನೋಡಿ ಲೆಕ್ಕ ಹಾಕುವುದನ್ನು ಬಿಟ್ಟವಳು ಮಂಟಪ ನೋಡಿ ಹಾಕಬಾರದು.

ಇಷ್ಟಾದರೂ ಒಂದು ಮುಳ್ಳು ಉಳಿದಿದೆ. ನಮ್ಮ ಬೀದಿಯ ಆಶಾ ಕಾರ್ಯಕರ್ತೆಯೂ ಬಾಣಂತಿಯರ ಮನೆಗೆ ಹೋಗುತ್ತಾಳೆ. 2011ರಲ್ಲಿ ಸರ್ಕಾರ ಎಳೆಗೂಸುಗಳ ಮನೆಭೇಟಿಯ ಕಾರ್ಯಕ್ರಮ ತಂದಾಗ, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದೊಳಗೆ ಆರು ಭೇಟಿ, ಆರಕ್ಕೂ ಸೇರಿ 250 ರೂಪಾಯಿ ಪ್ರೋತ್ಸಾಹಧನ ಎಂದು ಗೊತ್ತುಮಾಡಿತು. ಒಂದು ಭೇಟಿಗೆ 42 ರೂಪಾಯಿಯೂ ಬೀಳುವುದಿಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಕುಳಿತು ತಿಂಗಳಿಗೆ 15,000 ಖಚಿತ ಗೌರವಧನ ಕೇಳಿದಾಗ, “ಸೇವೆ ಮಾಡುವವರಿಗೆ ಇಷ್ಟು ದುಡ್ಡಿನ ಆಸೆಯೇ” ಎಂದವರನ್ನು ಕೇಳಿದ್ದೇನೆ. ನನ್ನ 1,800 ನ್ಯಾಯವಾದರೆ ಅವಳ 250 ಅನ್ಯಾಯ. ಎರಡನ್ನೂ ಒಟ್ಟಿಗೆ ನ್ಯಾಯವೆನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಹಾಳೆಯಲ್ಲಿ ಅದಕ್ಕೆ ಉತ್ತರವಿಲ್ಲ. ಹೆಂಗಸರ ತಿಳಿವಳಿಕೆಗೆ ಬೆಲೆ ಹೇಳುವುದನ್ನು ನಾನೊಬ್ಬಳಾದರೂ ನಾಚಿಕೆಯಿಲ್ಲದೆ ಕಲಿತರೆ, ಅವಳು ಕೇಳುವಾಗ ಪಕ್ಕದಲ್ಲಿ ನಿಲ್ಲಲು ನನಗೆ ಮುಖವಿರುತ್ತದೆ, ಅಷ್ಟೆ.

ಮೊನ್ನೆ ಗೋಪಾಳದ ಒಂದು ಮನೆಗೆ ಹೋಗಿದ್ದೆ. ಫೋನಿನಲ್ಲೇ ಹುಡುಗಿ “ಅರ್ಧ ಅಂತ ಬರ್ಕೊಳ್ಳಿ ಸಿಸ್ಟರ್” ಎಂದಿದ್ದಳು, ಬಸ್ಸಿನ ಟಿಕೀಟು ಕೇಳುವಷ್ಟು ಸಹಜವಾಗಿ. ಕೆಲಸ ಮುಗಿದು ಕಾಫಿಯಾದ ಮೇಲೆ ಅವಳ ಅಮ್ಮ ಒಂಬೈನೂರು ತಂದು ಕೊಟ್ಟರು. ಕೆಲವು ನೂರರವು, ಕೆಲವು ಐವತ್ತರವು. “ಎಣಿಸಿಕೊಳ್ಳಿ” ಎಂದರು. ಹಿಂದಿನ ನಾನಾಗಿದ್ದರೆ “ಅಯ್ಯೋ, ಇರಲಿ ಬಿಡಿ” ಎಂದು ಬ್ಯಾಗಿಗೆ ತುರುಕುತ್ತಿದ್ದೆ. ಅಲ್ಲೇ ಕುಳಿತು, ಅವರ ಎದುರಿಗೇ, ಒಂದೊಂದಾಗಿ ಎಣಿಸಿದೆ. ಸರಿಯಾಗಿತ್ತು. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಚಪ್ಪಲಿ ಹಾಕಿಕೊಳ್ಳುವಾಗ ಒಳಗಿನಿಂದ ಹುಡುಗಿ ಕೇಳಿದಳು, “ಅಕ್ಕಾ, ರಾತ್ರಿ ಎರಡು ಗಂಟೆಗೆ ಮತ್ತೆ ಅತ್ತರೆ ಫೋನು ಮಾಡಬಹುದಾ?”

“ಮಾಡು” ಎಂದೆ. “ಅದಕ್ಕೂ ಸೇರಿಸಿಯೇ ಕೊಟ್ಟಿದ್ದೀರಿ.”

ರಾತ್ರಿ ಎರಡೂಕಾಲಿಗೆ ಫೋನು ಬಂತು.